ಡಂಬೆಲ್ಲಿಗೂ ಮುಹೂರ್ತ

"ಸೀನ, ಈ ಸಿಲಿಂಡರ್ ಸ್ವಲ್ಪ ಒಳಗಿಡೋ."

"ಈಗ ಬೇಡ ಪದ್ದಕ್ಕ. ಸಂಜೆ ಬಂದು ಎತ್ತುತ್ತೇನೆ."

"ಯಾಕೆ, ಈಗ ರಾಹುಕಾಲವಾ?"

ಸೀನ ಕೈಗಡಿಯಾರ ಮುಂದೆ ಹಿಡಿದ. ಹೆಜ್ಜೆ, ನಿದ್ದೆ, ಎದೆಬಡಿತ ಎಲ್ಲದರ ಲೆಕ್ಕ ಇಡುವ ಗಡಿಯಾರ. ಗಂಟೆ ಎಷ್ಟು ಅನ್ನುವುದನ್ನು ಮಾತ್ರ ಹುಡುಕಬೇಕು.

"ಮೈ ಬಿಸಿ ಬೆಳಗಿನ ಜಾವ ತೀರಾ ಕಡಿಮೆ ಇರುತ್ತದೆ. ಆಮೇಲೆ ಏರುತ್ತಾ ಹೋಗಿ ಸಂಜೆಗೆ ಜಾಸ್ತಿ. ಸ್ನಾಯುಗಳ ಶಕ್ತಿಯೂ ಜೊತೆಗೇ ಏರುತ್ತದೆ. ಸಂಜೆ ನಾಲ್ಕರ ಮೇಲೆ ಭಾರ ಎತ್ತಿದರೆ..."

"ಅಮೃತ ಘಳಿಗೆ ಅನ್ನು."

"ಇದು ಸೈನ್ಸ್ ಪದ್ದಕ್ಕ! 2017ರಲ್ಲಿ ನೊಬೆಲ್ ಬಂದಿದೆ."

"ಯಾರಿಗೆ, ನಿಮ್ಮ ಜಿಮ್ ಮಾಸ್ಟರ್‌ಗಾ?"

"ಹಾಲ್, ರಾಸ್‌ಬ್ಯಾಶ್, ಯಂಗ್ ಅಂತ ಮೂವರಿಗೆ. ದೇಹದೊಳಗಿನ ಗಡಿಯಾರ ಹೇಗೆ ನಡೆಯುತ್ತದೆ ಅಂತ ಹಣ್ಣಿನ ನೊಣ ಇಟ್ಟುಕೊಂಡು ಕಂಡುಹಿಡಿದರು."

"ಆ ನೊಣ ಎಷ್ಟು ಕೆಜಿ ಎತ್ತಿತಂತೆ?"

ರಂಗಣ್ಣ ಪೇಪರ್ ಮಡಚಿದರು. "ಅಲ್ಲಯ್ಯಾ, ಗರಡಿಯವರು ಕೋಳಿ ಕೂಗುವ ಮುಂಚೆಯೇ ಎದ್ದು ದಂಡ, ಬಸ್ಕಿ ಹೊಡೆಯುತ್ತಿದ್ದರು. ಅವರಿಗೆ ಮೈ ಬರಲಿಲ್ಲವಾ?"

"ದಿನಾ ಬೆಳಗ್ಗೆಯೇ ಮಾಡಿದರೆ ದೇಹ ಆ ಹೊತ್ತಿಗೇ ಒಗ್ಗಿಕೊಳ್ಳುತ್ತದೆ." ಸೀನನ ದನಿ ಇಳಿಯಿತು. "ಸ್ನಾಯು ಬೆಳೆಯುವುದಕ್ಕಂತೂ ಬೆಳಗ್ಗೆಯಾದರೂ ಸಂಜೆಯಾದರೂ ಅಂಥ ಫರಕು ಕಂಡಿಲ್ಲ."

"ಏನಂದೆ? ಜೋರಾಗಿ ಹೇಳು."

"ಕಾಫಿ ಕುಡಿದರೂ ಬೆಳಗಿನ ಕೊರತೆ ಸ್ವಲ್ಪ ತುಂಬುತ್ತದೆ ಅಂದೆ."

"ಎರಡು ಲೋಟ ಇಳಿಸಿದ್ದೀಯ. ಎಲ್ಲಿಗೆ ಹೋಯಿತು ಅದು?"

ಸೀನ ಸೋಲುವ ಜಾತಿಯಲ್ಲ. "ನಿದ್ದೆಯಿಂದ ಎದ್ದ ಕೂಡಲೇ ಬಗ್ಗಿ ಭಾರ ಎತ್ತಬಾರದು. ರಾತ್ರಿ ಬೆನ್ನುಮೂಳೆಯ ಡಿಸ್ಕುಗಳು ನೀರು ಹೀರಿ ಉಬ್ಬಿರುತ್ತವೆ. ಬೆಳಗ್ಗೆ ನಾವು ಒಂದು ಸೆಂಟಿಮೀಟರ್‌ನಷ್ಟು ಉದ್ದ ಜಾಸ್ತಿ ಇರುತ್ತೇವೆ, ಗೊತ್ತಾ?"

"ಹೆಣ್ಣು ನೋಡೋಕೆ ಬೆಳಗ್ಗೆಯೇ ಹೋಗು ಹಾಗಾದರೆ."

"ತಮಾಷೆ ಅಲ್ಲ. ಗ್ಯಾಸೇ 14.2 ಕೆಜಿ. ಸಿಲಿಂಡರ್ ಸೇರಿದರೆ ಮೂವತ್ತರ ಹತ್ತಿರ."

"ಅದನ್ನು ಹೆಗಲ ಮೇಲೆ ಹೊತ್ತು ಎರಡು ಮಹಡಿ ಹತ್ತಿ ಬಂದ ಹುಡುಗ ಪಂಚಾಂಗ ನೋಡಲಿಲ್ಲ. ಓಟಿಪಿ ಒಂದೇ ಕೇಳಿದ್ದು."

ರಂಗಣ್ಣ ಬೇರೆಲ್ಲೋ ಹೋಗಿದ್ದರು. "ನಮ್ಮಮ್ಮ ಬಾವಿಯಲ್ಲಿ ನೀರು ಸೇದುತ್ತಿದ್ದದ್ದು ನಾಲ್ಕೂವರೆಗೆ. ಇವನ ಲೆಕ್ಕದಲ್ಲಿ ಮೈಗೆ ಶಕ್ತಿಯೇ ಇರದ ಹೊತ್ತು."

"ಈಗ ಬೇಡಮ್ಮ, ಸಂಜೆ ಸೇದು ಅಂತ ಯಾರಾದರೂ ಹೇಳಬೇಕಿತ್ತು" ಎಂದರು ಪದ್ದಕ್ಕ.

"ಸಂಜೆಯೂ ಅವಳೇ ಸೇದುತ್ತಿದ್ದಳು."

ಇದಕ್ಕೆ ಪದ್ದಕ್ಕನ ಹತ್ತಿರವೂ ಮಾತಿರಲಿಲ್ಲ. ರಂಗಣ್ಣ ಎದ್ದು ಸಿಲಿಂಡರನ್ನು ಓರೆ ಮಾಡಿ, ಉರುಳಿಸುತ್ತಾ ಅಡುಗೆಮನೆಗೆ ಬಿಟ್ಟು ಬಂದರು. ವಯಸ್ಸು ಅರವತ್ತೆಂಟು. ಸೀನ ಪಾಪ, ಕೈಗಡಿಯಾರವನ್ನು ತೋಳಿನೊಳಗೆ ಸರಿಸಿಕೊಂಡ.

"ಅದಿರಲಿ, ಸಂಜೆ ಜಿಮ್‌ಗೆ ಎಷ್ಟು ಹೊತ್ತಿಗೆ ಹೋಗುತ್ತೀಯ?"

"ಎಲ್ಲಿ ಹೋಗಲಿ? ನಾಲ್ಕರಿಂದ ಏಳು ಲೇಡೀಸ್ ಬ್ಯಾಚ್. ನಮಗೆ ಬೆಳಗ್ಗೆ ಆರಕ್ಕೆ. ಆ ಟೈಮ್ ಸರಿಯಿಲ್ಲ ಅಂತ ವರ್ಷದ ಫೀಸ್ ಕಟ್ಟಿ ಸುಮ್ನೆ ಕೂತಿದ್ದೇನೆ."

ಪದ್ದಕ್ಕ ಕುರ್ಚಿಯನ್ನು ಅವನ ಹತ್ತಿರ ಎಳೆದುಕೊಂಡರು.

"ಲೇಡೀಸ್ ಬ್ಯಾಚಿಗೆ ಫೀಸ್ ಎಷ್ಟೋ?"