ಪದ ಬೇಕು, ಶುಕ್ರವಾರದೊಳಗೆ: ‘ಡಿಕಂಪೋಸರ್’ಗೆ ಬೋರ್ಡಿನ ಮೇಲೆ ಏನು ಬರೆಸಲಿ?

ಎಲ್ಲರಿಗೂ ನಮಸ್ಕಾರ.

ತೀರ್ಥಹಳ್ಳಿ ಹತ್ತಿರ ನಮ್ಮೂರ ಶಾಲೆಯ ಹಿಂದೆ ಒಂದು ಸಣ್ಣ ಕಾನು ಇದೆ. ಮಕ್ಕಳು ನಡೆಯುವ ದಾರಿಯಲ್ಲಿ ಆರು ಬೋರ್ಡು ಹಾಕುತ್ತಿದ್ದೇವೆ. ಐದು ಮುಗಿದಿವೆ. ಬರೆಯುವವರು ಶುಕ್ರವಾರ ಮತ್ತೆ ಬರುತ್ತಾರೆ.

ಆರನೆಯದು ಬಿದ್ದ ಮರದ ಪಕ್ಕದಲ್ಲಿ. ಅಲ್ಲಿ ಅಣಬೆ, ಒರಲೆ (ಗೆದ್ದಲು), ಎರೆಹುಳು ಎಲ್ಲ ಇವೆ. ಸತ್ತ ಎಲೆ, ಮರ ಒಡೆದು ಮಣ್ಣಿಗೆ ಸೇರಿಸುವ ಇವಕ್ಕೆ ಇಂಗ್ಲಿಷಿನಲ್ಲಿ ಡಿಕಂಪೋಸರ್, ಪಠ್ಯದಲ್ಲಿ ‘ವಿಘಟಕ’ ಅಂತಿದೆ. ಏಳನೇ ತರಗತಿಯ ಮಕ್ಕಳನ್ನು ಅದೇ ಮರದ ಎದುರು ನಿಲ್ಲಿಸಿ ಕೇಳಿದೆ. ವಿಘಟಕ ಅಂದರೇನು ಅಂತ ಬಾಯಿಪಾಠ ಒಪ್ಪಿಸಿದರು. ಇಲ್ಲಿ ಯಾವುದು ವಿಘಟಕ, ತೋರಿಸಿ ಅಂದರೆ ಒಬ್ಬರೂ ಬೆರಳು ಎತ್ತಲಿಲ್ಲ. ಕಾಲಡಿಯಲ್ಲೇ ಇತ್ತು.

ನನಗೆ ‘ಕೊಳೆಸುಗ’ ಅಂತ ತೋಚಿದೆ. ಸರಿಯಾ? ಬೋರ್ಡಿನ ತಲೆಬರಹ ‘ಕಾಡಿನ ಶಕ್ತಿ ಚಕ್ರ’ ಅಂತ ಇಟ್ಟಿದ್ದೇನೆ. ಅದನ್ನೂ ನೋಡಿ ಹೇಳಿ.

— ತೀರ್ಥಹಳ್ಳಿಯಿಂದ

*

‘ವಿಘಟಕ’ ಇದೆ. ಮಗು ಪರೀಕ್ಷೆಯಲ್ಲಿ ‘ಕೊಳೆಸುಗ’ ಬರೆದರೆ ಅಂಕ ಹೋಗುತ್ತದೆ. ಇರುವ ಪದವನ್ನು ಕಲಿಸಿ. ಚರ್ಚೆ ಬೇಕಿಲ್ಲ.

— ಶಿವಮೊಗ್ಗ

*

ಕೊಳೆಸುಗ ಬೇಡವೇ ಬೇಡ. ನಾನು ಅಡಿಕೆ ಬೆಳೆಯುವವನು. ನಮ್ಮ ಕಡೆ ‘ಕೊಳೆ’ ಅಂದರೆ ಒಂದೇ ಅರ್ಥ, ಕೊಳೆರೋಗ. ಮಳೆ ಹಿಡಿಯುವ ಮೊದಲು ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಯುವುದು ಅದಕ್ಕೇ. ಒಂದು ವರ್ಷ ಎರಡನೇ ಸಲದ ಔಷಧಿ ತಡವಾಯಿತು. ಮರದ ಬುಡದಲ್ಲಿ ಹಸಿ ಅಡಿಕೆ ರಾಶಿ ಬಿದ್ದಿತ್ತು. ಆ ಹೆಸರನ್ನು ಎರೆಹುಳಕ್ಕೆ ಇಟ್ಟರೆ ನಮ್ಮ ಮಕ್ಕಳು ಅದನ್ನು ಶತ್ರು ಅಂದುಕೊಳ್ಳುತ್ತವೆ.

ಸರಿಯಾದ ಕ್ರಿಯಾಪದ ನಮ್ಮ ಕೊಟ್ಟಿಗೆಯಲ್ಲೇ ಇದೆ: ಕಳಿ. ಸೊಪ್ಪಿನಬೆಟ್ಟದಿಂದ ಸೊಪ್ಪು ತರುತ್ತೇವೆ, ಬೇಸಿಗೆಯಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತರುತ್ತೇವೆ. ದನದ ಕಾಲಡಿಗೆ ಹಾಸುತ್ತೇವೆ, ಆಮೇಲೆ ಗುಂಡಿಗೆ ಹಾಕುತ್ತೇವೆ. ತಿಂಗಳುಗಳ ಮೇಲೆ ಕೇಳುವ ಮಾತು ‘ಗೊಬ್ಬರ ಕಳಿತಿದೆಯಾ?’ ಅಂತ. ಕೊಳೆತಿದೆಯಾ ಅಂತ ಯಾರೂ ಕೇಳಲ್ಲ. ಕೊಳೆತದ್ದನ್ನು ಬಿಸಾಡುತ್ತೇವೆ. ಕಳಿತದ್ದು ತೋಟಕ್ಕೆ ಹೋಗುತ್ತದೆ. ಹಣ್ಣು ಕಳಿಯುವುದೂ ಇದೇ ಕಳಿ, ಹದಕ್ಕೆ ಬರುವುದು.

ಹಾಗಂತ ‘ಕಳಿಸುಗ’ ಅಂದರೆ ಕೆಟ್ಟಿತು, ಕಾಗದ ಕಳಿಸುವವನಾಗುತ್ತಾನೆ. ‘ಕಳಿತಿನಿ’ ಅಂದರೆ ಕಳಿತ ಮೇಲೆ ಬಂದು ತಿನ್ನುವುದು, ಅದೂ ತಪ್ಪು. ಕಳಿಯುವಂತೆ ಮಾಡುವುದೇ ಇವು. ‘ಮಣ್ಣು ಮಾಡುವವರು’ ಅಂದರೆ ಹೆಣ ಹೂಳುವವರು.

ಗಾಣದಿಂದ ಗಾಣಿಗ, ಒಕ್ಕಲಿನಿಂದ ಒಕ್ಕಲಿಗ. ಗೊಬ್ಬರದಿಂದ ಗೊಬ್ಬರಿಗ. ಅದನ್ನೇ ಬರೆಸಿ.

— ಸಾಗರ

*

‘ಗೊಬ್ಬರ’ ಅಚ್ಚಗನ್ನಡ ಅಂತ ನಂಬಿದ್ದೀರಾ? ಪ್ರಾಕೃತದಲ್ಲೂ ‘ಗೊಬ್ಬರ’ ಇದೆ, ಹಿಂದಿಯ ‘ಗೋಬರ್’ ಅದರ ನೆಂಟ. ‘ಇಗ’ ಪ್ರತ್ಯಯವೇ ಸಂಸ್ಕೃತದ ‘ಇಕ’ದಿಂದ ಬಂದದ್ದು ಅನ್ನುವವರೂ ಇದ್ದಾರೆ. ಹೊಸ ಪದ ಕಟ್ಟುವುದಾದರೆ ಬೇರು ನೋಡಿ ಕಟ್ಟಬೇಕು. ಎರಡು ಸಾಲ ಸೇರಿಸಿ ಕನ್ನಡ ಪದ ಅನ್ನಬೇಡಿ. ‘ಕಳಿಯಿಸುಗ’ ಅನ್ನಬಹುದು.

— ಸೊರಬ

*

‘ಕಳಿಯಿಸುಗ’ವನ್ನು ಜೋರಾಗಿ ಮೂರು ಸಲ ಹೇಳಿ ನೋಡಿ. ಆಗಲ್ಲ.

ಗೊಬ್ಬರ ಎಲ್ಲಿಂದಲೇ ಬಂದಿರಲಿ, ನಮ್ಮ ಅಜ್ಜಂದಿರು ತಲೆ ಮೇಲೆ ಹೊತ್ತ ಪದ ಅದು. ಇನ್ನೆಷ್ಟು ಕನ್ನಡ ಆಗಬೇಕು?

— ಸಾಗರ

*

ಪದದ ಜಗಳದಲ್ಲಿ ದೊಡ್ಡ ತಪ್ಪೊಂದು ಹಾಗೇ ಉಳಿದಿದೆ. ‘ಶಕ್ತಿ ಚಕ್ರ’ ಅಂತ ದಯವಿಟ್ಟು ಬರೆಸಬೇಡಿ. ಶಕ್ತಿ ತಿರುಗಿ ಬರಲ್ಲ. ತಿರುಗುವುದು ಸಾರಜನಕ, ರಂಜಕ, ಇಂಗಾಲದಂಥ ವಸ್ತುಗಳು. ಶಕ್ತಿ ಬಿಸಿಲಾಗಿ ಬರುತ್ತದೆ, ಶಾಖವಾಗಿ ಹೋಗಿಬಿಡುತ್ತದೆ. ಒಂದೇ ದಿಕ್ಕು.

ಸಾಗರದವರಿಗೆ ಇದು ಕಣ್ಣಾರೆ ಗೊತ್ತು. ಚಳಿಗಾಲದ ಬೆಳಗ್ಗೆ ಗೊಬ್ಬರದ ಗುಂಡಿ ಕೆದಕಿದರೆ ಹಬೆ ಏಳುತ್ತದೆ, ಕೈ ಇಟ್ಟರೆ ಬಿಸಿ. ಎಲೆ ಹಿಡಿದಿಟ್ಟ ಬಿಸಿಲೇ ಅದು. ಕಣ್ಣಿಗೆ ಕಾಣದ ಜೀವಿಗಳು ಎಲೆಯನ್ನು ಒಡೆದು ಬದುಕುವಾಗ ಶಾಖವಾಗಿ ಹೊರಗೆ ಹೋಗುತ್ತಿದೆ. ಆ ಹಬೆಯನ್ನು ಯಾವ ಮರವೂ ಮತ್ತೆ ಹಿಡಿಯಲಾರದು. ಗುಂಡಿಯಲ್ಲಿ ಉಳಿದ ಸಾರವನ್ನು ಮಾತ್ರ ಬೇರು ಹೀರುತ್ತದೆ.

ಮೇಲಕ್ಕೆ ಹೋದ ಹಾಗೆ ಶಕ್ತಿ ಕಡಿಮೆಯಾಗುತ್ತಾ ಹೋಗುತ್ತದೆ. ಆಗುಂಬೆ ಕಾಡನ್ನೇ ತಗೊಳ್ಳಿ. ಎಲೆಯನ್ನು ಹುಳ ತಿನ್ನುತ್ತದೆ, ಹುಳವನ್ನು ಕಪ್ಪೆ, ಕಪ್ಪೆಯನ್ನು ಕೇರೆಹಾವು, ಕೇರೆಯನ್ನು ಕಾಳಿಂಗ. ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಸುಮಾರು ನೂರಕ್ಕೆ ಹತ್ತು ಪಾಲು ದಾಟುತ್ತದೆ. ಇದು ಅಂದಾಜಿನ ಲೆಕ್ಕ, ಎಲ್ಲ ಕಡೆ ಒಂದೇ ಸಮ ಇರಲ್ಲ. ಆದರೂ ಎಲೆಯಲ್ಲಿ 10,000 ಪಾಲು ಇದ್ದರೆ ಕಾಳಿಂಗಕ್ಕೆ ಸಿಗುವುದು ಒಂದು ಪಾಲು. ಕಪ್ಪೆಗಳು ಲೆಕ್ಕವಿಲ್ಲದಷ್ಟು, ಕಾಳಿಂಗ ಅಪರೂಪ ಯಾಕೆ ಅಂದರೆ ಮುಖ್ಯವಾಗಿ ಇದಕ್ಕೇ. ಮೆಟ್ಟಿಲಿನಿಂದ ಮೆಟ್ಟಿಲಿಗೆ ಶಕ್ತಿಯ ಲೆಕ್ಕ ಹಿಡಿಯುವ ದಾರಿಯನ್ನು 1942ರಲ್ಲಿ ಪರಿಸರ ವಿಜ್ಞಾನಿ ರೇಮಂಡ್ ಲಿಂಡೆಮನ್ ತೋರಿಸಿದರು, ಅಮೆರಿಕದ ಒಂದು ಸಣ್ಣ ಕೆರೆಯನ್ನು ನೋಡಿ.

ಇನ್ನೊಂದು ಮಾತು. ಕಾಡಿನ ಎಲೆಯಲ್ಲಿ ಬಹುಪಾಲನ್ನು ಯಾರೂ ಹಸಿಯಾಗಿ ತಿನ್ನಲ್ಲ. ಅದು ಉದುರಿ ದರಕಾಗುತ್ತದೆ. ಅಂದರೆ ಕಾಡಿನ ಶಕ್ತಿಯಲ್ಲಿ ಜಾಸ್ತಿ ಪಾಲು ಹೋಗುವುದು ನಿಮ್ಮ ಆರನೇ ಬೋರ್ಡಿನ ಜೀವಿಗಳ ಮೂಲಕವೇ. ಹುಲಿ, ಕಾಳಿಂಗದ ಬೋರ್ಡಿಗಿಂತ ಅದು ದೊಡ್ಡದಿರಲಿ.

ತಲೆಬರಹಕ್ಕೆ ‘ಶಕ್ತಿಯ ಹರಿವು’ ಸಾಕು. ‘ಶಕ್ತಿ ಪ್ರವಾಹ’ ಬೇಡ. ಪ್ರವಾಹ ಅಂದರೆ ನಮ್ಮ ಮಕ್ಕಳಿಗೆ ತುಂಗೆ ದಡ ಮೀರಿದ್ದು.

— ಹೊಸನಗರ

*

ಹರಿವು ಸರಿ. ಆದರೆ ‘ಎಕೊಸಿಸ್ಟಮ್’ ಅನ್ನುವುದನ್ನೇ ಕನ್ನಡ ಮಾಡದೆ ಬಿಟ್ಟಿದ್ದೇವೆ. ‘ಪರಿಸರ ವ್ಯವಸ್ಥೆ’ ಅಂದರೆ ಯಾವುದೋ ಇಲಾಖೆಯ ಹೆಸರಿನ ಹಾಗಿದೆ. ಹೀಗೆ ಸಾಲ ತಂದೇ ಕಾಲ ಕಳೆಯುವುದು ಎಷ್ಟು ದಿನ?

— ಸೊರಬ

*

ಸಾಲ ಒಂದೇ ಕಡೆಯಿಂದ ಬರುವುದಲ್ಲ. ಇಂಗ್ಲೆಂಡಿನ ಸಸ್ಯವಿಜ್ಞಾನಿ ಟಾನ್ಸ್ಲೆ 1935ರಲ್ಲಿ ಇಂಗ್ಲಿಷಿನಲ್ಲಿ ‘ಎಕೊಸಿಸ್ಟಮ್’ ಪದ ಬಳಸಿದಾಗ ಅದರ ಎರಡೂ ತುಂಡು ಗ್ರೀಕಿನವು, ಮೊದಲನೆಯದಕ್ಕೆ ಮನೆ ಅಂತ ಅರ್ಥ. 2024ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಜಾತಿ ಅಂತ ಗುರುತಿಸಿದಾಗ ಅದಕ್ಕಿಟ್ಟ ವೈಜ್ಞಾನಿಕ ಹೆಸರು ‘ಓಫಿಯೊಫೇಗಸ್ ಕಾಳಿಂಗ’. ನಮ್ಮೂರ ಪದ. ಕಾಫಿಯ ಕೊಳೆರೋಗ ತರುವ ಶಿಲೀಂಧ್ರದ ಹಳೆಯ ವೈಜ್ಞಾನಿಕ ಹೆಸರಿನಲ್ಲೂ ‘ಕೊಳೆರೋಗ’ ಇದೆ. ಅವರು ತಗೊಂಡರು, ನಾವೂ ತಗೊಳ್ಳೋಣ.

— ಹೊಸನಗರ

*

ಎಲ್ಲರಿಗೂ ಧನ್ಯವಾದ. ‘ಶಕ್ತಿ ಚಕ್ರ’ ತಪ್ಪಿಸಿದ್ದಕ್ಕೆ ಹೊಸನಗರದವರಿಗೆ ಎರಡು ಸಲ.

ನಿನ್ನೆ ಮಕ್ಕಳಿಗೆ ಸುಮ್ನೆ ‘ಗೊಬ್ಬರಿಗ’ ಅಂತ ಒಂದು ಪದ ಹೇಳಿದೆ. ಅರ್ಥ ಹೇಳಲಿಲ್ಲ. ಇಲ್ಲಿ ಯಾರು ಗೊಬ್ಬರಿಗರು ಅಂತ ಕೇಳಿದೆ. ಒಬ್ಬಳು ತೊಗಟೆ ಎತ್ತಿ ಒರಲೆ ತೋರಿಸಿದಳು. ಇನ್ನೊಬ್ಬ ಬಿಳಿ ನೂಲಿನಂಥ ಅಣಬೆಯ ಎಳೆ ತೋರಿಸಿ ‘ಇದೂನಾ?’ ಅಂದ. ಹೌದು, ಅದೂ. ಮರದ ಗಟ್ಟಿ ಭಾಗ ಒಡೆಯುವುದರಲ್ಲಿ ಅದರ ಕೆಲಸವೇ ಜಾಸ್ತಿ.

ಶುಕ್ರವಾರ ಬರೆಸುವುದು ಇದು. ತಪ್ಪಿದ್ದರೆ ನಾಳೆ ಸಂಜೆಯೊಳಗೆ ತಿಳಿಸಿ:

‘ಕಾಡಿನ ಗೊಬ್ಬರಿಗರು. ಬಿದ್ದ ಎಲೆ, ಸತ್ತ ಮರ, ಸತ್ತ ಪ್ರಾಣಿ, ಎಲ್ಲವನ್ನೂ ಇವು ಒಡೆಯುತ್ತವೆ. ಅದರ ಸಾರ ಮಣ್ಣಿಗೆ ಸೇರಿ ಮತ್ತೆ ಮರಕ್ಕೆ ಹೋಗುತ್ತದೆ. ಅದರ ಶಕ್ತಿ ಮತ್ತೆ ಬರುವುದಿಲ್ಲ, ಶಾಖವಾಗಿ ಹೋಗುತ್ತದೆ. ಅದಕ್ಕೇ ಕಾಡಿಗೆ ದಿನವೂ ಬಿಸಿಲು ಬೇಕು.’

ಕೆಳಗೆ ಸಣ್ಣ ಅಕ್ಷರದಲ್ಲಿ ‘ಪಠ್ಯದಲ್ಲಿ: ವಿಘಟಕಗಳು’. ಪರೀಕ್ಷೆಯ ಮಾತೂ ನಿಜ ಅಲ್ವಾ.

ಚಿತ್ರದ ಕೆಳಗೆ ‘ಗೆದ್ದಲು’ ಬೇಡ, ‘ಒರಲೆ’ ಅಂತಲೇ ಬರೆಸುತ್ತೇನೆ.

— ತೀರ್ಥಹಳ್ಳಿಯಿಂದ