ಹಿಮಚಿರತೆ ಉಳಿಯಲು ಹೆಮಿಸ್‌ನ ಊರುಗಳು ತೆರವಾಗಬೇಕೇ?

ಬೆಳಗಾವಿ ಚಾರಣಿಗ:
ಲಡಾಖಿನ ಹೆಮಿಸ್ ರಾಷ್ಟ್ರೀಯ ಉದ್ಯಾನ 1981ರಲ್ಲಿ ಸ್ಥಾಪನೆಯಾಯಿತು. ಸುಮಾರು 4,400 ಚದರ ಕಿಲೋಮೀಟರ್ ಹರಡಿರುವ ಅದು ದೇಶದಲ್ಲೇ ಅತಿ ದೊಡ್ಡ ರಾಷ್ಟ್ರೀಯ ಉದ್ಯಾನ. ಆದರೂ ಅದರೊಳಗೆ ರುಂಬಕ್, ಮಾರ್ಖಾ ಮುಂತಾದ ಊರುಗಳಿವೆ. ಅವರ ಕುರಿ, ಆಡು, ಯಾಕ್‌ಗಳು ಅಲ್ಲಿಯೇ ಮೇಯುತ್ತವೆ. ನಮ್ಮ ಖಾನಾಪುರ ತಾಲ್ಲೂಕಿನ ಭೀಮಗಡ ಅಭಯಾರಣ್ಯದಲ್ಲಿ ತಳೇವಾಡಿಯ ಕುಟುಂಬಗಳು ಪರಿಹಾರ ಪಡೆದು ಹೊರಬರಲು ಒಪ್ಪಿದವು. ಹೆಮಿಸ್‌ನಲ್ಲಿಯೂ ಹಾಗೆಯೇ ಆಗಬೇಕೆಂಬುದು ನನ್ನ ಅಭಿಪ್ರಾಯ. ಮೇವು ಇಷ್ಟು ವಿರಳವಾಗಿರುವ ನೆಲದಲ್ಲಿ ಸಾಕುಪ್ರಾಣಿಗಳು ಹೆಚ್ಚಿದಷ್ಟೂ ಭರಲ್ ಎಂಬ ಕಾಡುಕುರಿಗೆ ಹೊಟ್ಟೆಗಿಲ್ಲ. ಭರಲ್ ಕಡಿಮೆಯಾದರೆ ಹಿಮಚಿರತೆಯೂ ಉಳಿಯುವುದಿಲ್ಲ.

ವಿಜಯಪುರದ ಮಾಸ್ತರ:
ಭೀಮಗಡದ ಹೋಲಿಕೆ ಇಲ್ಲಿಗೆ ಹೊಂದುವುದಿಲ್ಲ, ಸರ್. ಭೀಮಗಡ ಮಳೆ ಸುರಿಯುವ ದಟ್ಟ ಕಾಡು. ಹೆಮಿಸ್ ಹಿಮಾಲಯದ ಮಳೆನೆರಳಿನ ಶೀತ ಮರುಭೂಮಿ. ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಮತ್ತು ಹಿಮ ಸೇರಿ 100 ಮಿಲಿಮೀಟರ್ ಆಸುಪಾಸು, ಅಂದರೆ ಬರದ ನಾಡೆನಿಸಿಕೊಂಡ ನಮ್ಮ ಜಿಲ್ಲೆಯ ಮಳೆಯ ಐದನೆಯ ಒಂದು ಪಾಲೂ ಅಲ್ಲ. ಬೋಳು ಬಂಡೆಗಳ ನಡುವೆ ಹಿಮ ಕರಗಿ ಹರಿಯುವ ತೊರೆಗಳ ಇಕ್ಕೆಲದಲ್ಲಷ್ಟೇ ಹಸಿರು ಕಾಣುತ್ತದೆ. ಬಾರ್ಲಿ ಹೊಲಗಳಿಗೂ ಆ ನೀರೇ ಆಧಾರ.

ಇದಕ್ಕಿಂತ ಮುಖ್ಯವಾದ ಮಾತೆಂದರೆ, ಹಿಮಚಿರತೆಗೆ ಉದ್ಯಾನದ ಗಡಿ ಗೊತ್ತಿಲ್ಲ. 2024ರಲ್ಲಿ ಪ್ರಕಟವಾದ ಮೊದಲ ರಾಷ್ಟ್ರೀಯ ಗಣತಿ ಭಾರತದಲ್ಲಿ 718 ಹಿಮಚಿರತೆಗಳಿವೆ ಎಂದು ಅಂದಾಜಿಸಿತು. ಅವುಗಳಲ್ಲಿ 477 ಲಡಾಖಿನಲ್ಲಿವೆ. ಅವು ತಿರುಗಾಡುವ ನೆಲದ ಬಹುಪಾಲು ಯಾವ ಉದ್ಯಾನಕ್ಕೂ ಸೇರಿಲ್ಲ. ಒಳಗಿನ ಕೆಲವು ಊರುಗಳನ್ನು ಎಬ್ಬಿಸಿದರೆ ಹೊರಗಿನ ನೂರಾರು ಊರುಗಳ ಕುರಿಗಾರರಿಗೆ ನಾವು ಯಾವ ಸಂದೇಶ ಕೊಟ್ಟಂತಾಗುತ್ತದೆ?

ಬೀಳಗಿಯ ಕುರಿಗಾರರ ಮಗಳು:
ಮಾಸ್ತರರ ಮಾತನ್ನು ನಾನು ಒಪ್ಪುತ್ತೇನೆ. ಹಿಮಚಿರತೆ ಬಯಲಲ್ಲಿ ಒಂದು ಕುರಿ ಹಿಡಿದರೆ ಜನ ಹೇಗೋ ತಡೆದುಕೊಳ್ಳುತ್ತಾರೆ. ಅದೇ ರಾತ್ರಿ ದೊಡ್ಡಿಯೊಳಗೆ ಇಳಿದರೆ, ಓಡಲು ದಾರಿಯಿಲ್ಲದೆ ಮುಗಿಬೀಳುವ ಕುರಿಗಳನ್ನು ಸಾಲುಸಾಲಾಗಿ ಕೊಲ್ಲುತ್ತದೆ. ಒಂದು ಮನೆಯ ಬದುಕೇ ಬೆಳಗಾಗುವುದರೊಳಗೆ ಮುಗಿದುಹೋಗುತ್ತದೆ. ಹಿಂದೆ ಲಡಾಖಿನ ಜನ ಅದನ್ನು ಕೊಲ್ಲುತ್ತಿದ್ದುದು ಈ ಸಂಕಟದಿಂದಲೇ. ದೊಡ್ಡಿಗಳ ಮೇಲೆ ಗಟ್ಟಿ ತಂತಿಬಲೆ ಹೊದಿಸಿದ್ದು, 2000ರ ದಶಕದ ಆರಂಭದಲ್ಲಿ ರುಂಬಕ್‌ನ ಮನೆಗಳಲ್ಲಿ ಹೋಮ್‌ಸ್ಟೇ ಆರಂಭವಾಗಿದ್ದು, ಈ ಎರಡರಿಂದ ಆ ಸಂಕಟ ತಗ್ಗಿತು. ಅತಿಥಿ ಬರುವುದೇ ಹಿಮಚಿರತೆಗಾಗಿ ಎಂದಾದಾಗ ಮನೆಯವರು ಅದನ್ನು ಶತ್ರುವೆಂದು ಹೇಗೆ ಎಣಿಸಿಯಾರು?

ನಮ್ಮ ಯಡಹಳ್ಳಿ ಚಿಂಕಾರ ಅಭಯಾರಣ್ಯದ ಸುತ್ತಲೂ ಕುರಿ ಹಿಂಡುಗಳಿವೆ, ತೋಳಗಳೂ ಇವೆ. ತೋಳ ಮರಿ ಹೊತ್ತೊಯ್ದಾಗ ನಷ್ಟ ಕುರಿಗಾರನೊಬ್ಬನದೇ ಆಗುತ್ತದೆ. ಆ ಹೊರೆಯನ್ನು ಹಂಚಿಕೊಳ್ಳದೆ ಅವನನ್ನೇ ಅಪರಾಧಿಯೆಂದರೆ ತೋಳವೂ ಉಳಿಯದು.

ಬೆಳಗಾವಿ ಚಾರಣಿಗ:
ಅಕ್ಕನವರ ನೋವು ಅರ್ಥವಾಗುತ್ತದೆ, ಆದರೆ ಹೋಮ್‌ಸ್ಟೇಯೇ ಪರಿಹಾರವೆಂದು ನಾನು ನಂಬಲಾರೆ. ಚಳಿಗಾಲದ ಕೊನೆಯ ತಿಂಗಳುಗಳು ಹಿಮಚಿರತೆಗಳು ಜೊತೆಗೂಡುವ ಕಾಲ. ಭರಲ್ ಹಿಂಡುಗಳ ಹಿಂದೆ ಅವು ಕೆಳಗಿನ ಕಣಿವೆಗಳಿಗೆ ಇಳಿಯುವುದೂ ಆಗಲೇ. ಛಾಯಾಗ್ರಾಹಕರು ಗುಂಪುಗುಂಪಾಗಿ ಬರುವುದೂ ಅದೇ ಸಮಯದಲ್ಲಿ. ಪ್ರವಾಸಿಗರು ಬಿಟ್ಟುಹೋಗುವ ಕಸ ತಿಂದು ಬೆಳೆಯುವ ಬೀದಿನಾಯಿಗಳು ವನ್ಯಜೀವಿಗಳನ್ನು ಅಟ್ಟಿಸಿಕೊಂಡು ಹೋಗುವುದು ಲಡಾಖಿನಲ್ಲಿ ಈಗ ದೊಡ್ಡ ಸಮಸ್ಯೆ.

ವಿಜಯಪುರದ ಮಾಸ್ತರ:
ನಾಯಿಗಳ ವಿಷಯದಲ್ಲಿ ಎರಡು ಮಾತಿಲ್ಲ. ಆದರೆ ಮಿತಿ ಹಾಕುವವರು ಯಾರು ಎಂಬುದನ್ನು ನೋಡಿ. 6,153 ಮೀಟರ್ ಎತ್ತರದ ಸ್ಟೋಕ್ ಕಾಂಗ್ರಿ ಶಿಖರಕ್ಕೆ ಚಾರಣಿಗರ ದಟ್ಟಣೆ ಮಿತಿಮೀರಿ, ತಮ್ಮ ನೀರಿನ ಮೂಲವೇ ಕೆಡುತ್ತಿದೆ ಎಂದು ಸ್ಟೋಕ್ ಗ್ರಾಮದವರು ದನಿಯೆತ್ತಿದ್ದರಿಂದಲೇ 2020ರಿಂದ ಅದರ ಆರೋಹಣ ನಿಂತಿತು. ಆ ನೀರು ಕುಡಿಯುವವರು ಅಲ್ಲಿ ಇರದಿದ್ದರೆ ಆ ಮಾತನ್ನು ಯಾರು ಆಡುತ್ತಿದ್ದರು?

ಬೆಳಗಾವಿ ಚಾರಣಿಗ:
ಆ ಉದಾಹರಣೆಗೆ ತೂಕವಿದೆ, ಮಾಸ್ತರೇ. ಊರುಗಳು ಉಳಿಯಲಿ ಎಂಬುದಕ್ಕೆ ಇನ್ನು ನನ್ನ ವಿರೋಧವಿಲ್ಲ. ಆದರೆ ಯಾವ ಕಣಿವೆಯಲ್ಲಿ ಎಷ್ಟು ಕುರಿ ಮೇಯಬಹುದು, ಯಾವ ಹುಲ್ಲುಗಾವಲನ್ನು ಭರಲ್‌ಗಾಗಿಯೇ ಬಿಡಬೇಕು ಎಂಬುದನ್ನು ಆ ಊರಿನವರೇ ಕುಳಿತು ಲಿಖಿತವಾಗಿ ನಿರ್ಧರಿಸಬೇಕು. ಚಳಿಗಾಲದಲ್ಲಿ ಒಂದು ಕಣಿವೆಗೆ ಬಿಡುವ ಪ್ರವಾಸಿಗರ ಸಂಖ್ಯೆಯೂ ಅದರಲ್ಲಿಯೇ ಸೇರಬೇಕು. ಇಷ್ಟನ್ನು ನಾನು ಬಿಟ್ಟುಕೊಡಲಾರೆ.