ನೆಬ್ರಾಸ್ಕಾ ಹೋಮ್‌ಸ್ಟೆಡ್ ಭಯಕಥೆ: ಒಂಟಿ ಹೆಂಗಸು ಆ ಮನೆ ಬಿಟ್ಟು ಯಾಕೆ ಹೋಗುವುದಿಲ್ಲ?

ಪ್ರಶ್ನೆ – ಹುಲ್ಲುಗರಿ

ನಾನು ಬರೆಯುತ್ತಿರುವ ಕಥೆ ನಡೆಯುವುದು ಅಮೆರಿಕದ ನೆಬ್ರಾಸ್ಕಾ ರಾಜ್ಯದ ಕಸ್ಟರ್ ಕೌಂಟಿಯಲ್ಲಿ, 1887–88ರ ಚಳಿಗಾಲ. ಗಂಡ ಸತ್ತಿದ್ದಾನೆ. ಅವನ ಹೆಸರಿನ ಹೋಮ್‌ಸ್ಟೆಡ್ ಜಮೀನಿನಲ್ಲಿ (ವಾಸವಿದ್ದು ಸಾಗುವಳಿ ಮಾಡಿದವರಿಗೆ ಸರ್ಕಾರ ಕೊಡುತ್ತಿದ್ದ ಜಮೀನು), ಹುಲ್ಲುಹೆಂಟೆಯ, ಅಂದರೆ ಹುಲ್ಲುಬೇರು ಸಮೇತ ಕತ್ತರಿಸಿದ ಮಣ್ಣಿನ ಗಟ್ಟಿಗಳ ಮನೆಯಲ್ಲಿ ಹೆಂಡತಿ ಒಬ್ಬಳೇ. ರಾತ್ರಿ ಗೋಡೆಯೊಳಗಿಂದ ಸದ್ದು. ಕರಡು ಓದಿದವರದೆಲ್ಲ ಒಂದೇ ಪ್ರಶ್ನೆ: ಹೊರಟುಹೋಗಬಾರದೇಕೆ? ಅವಳು ಹಠಮಾರಿ ಎಂದರೆ ಸಾಲುತ್ತಿಲ್ಲ. ಆ ಮನೆಯಲ್ಲಿ ನಿಜಕ್ಕೂ ಯಾವ ಸದ್ದು ಬಂದೀತು ಎಂಬುದೂ ಬೇಕು.

ಉತ್ತರ – ಹಕ್ಕುಪತ್ರ

ಕಾರಣ ಕಾನೂನಿನಲ್ಲೇ ಇದೆ. 1862ರ ಹೋಮ್‌ಸ್ಟೆಡ್ ಕಾಯ್ದೆಯಂತೆ 160 ಎಕರೆ ಕೈಸೇರಲು ಐದು ವರ್ಷ ಅಲ್ಲೇ ವಾಸವಿದ್ದು ಸಾಗುವಳಿ ಮಾಡಬೇಕು. ಆರು ತಿಂಗಳಿಗಿಂತ ಹೆಚ್ಚು ಬಿಟ್ಟಿದ್ದರೆ ಜಮೀನು ಸರ್ಕಾರಕ್ಕೆ ವಾಪಸ್. ಆದರೆ ನಿಮ್ಮ ಕರಡಿನಲ್ಲಿ ಎರಡು ತೂತು ಇವೆ.

ಒಂದು, ಗಂಡನ ಕ್ಲೇಮ್ (ಜಮೀನಿಗೆ ಹಾಕಿದ ಹಕ್ಕಿನ ಅರ್ಜಿ) ಮುಂದುವರಿಸುವ ವಿಧವೆಗೆ ವಾಸದ ನಿಯಮ ಸಡಿಲ. ಉಳುಮೆ ನಡೆಸಿದರೆ ಸಾಕಾಗುತ್ತಿತ್ತು. ಹಾಗಾಗಿ ಅವಳ ಹೆಸರಲ್ಲೇ ಕ್ಲೇಮ್ ಹಾಕಿಸಿ. 21 ತುಂಬಿದ ಅವಿವಾಹಿತೆಗೂ, ಕುಟುಂಬದ ಯಜಮಾನಿಯಾದ ವಿಧವೆಗೂ ಆ ಹಕ್ಕಿತ್ತು; ಗಂಡನೊಡನೆ ಇರುವ ಹೆಂಡತಿಗೆ ಇರಲಿಲ್ಲ. ಎರಡು, ಆರು ತಿಂಗಳು ವಾಸವಿದ್ದ ಮೇಲೆ ಎಕರೆಗೆ 1.25 ಡಾಲರ್ ಕಟ್ಟಿ ಕೊಂಡುಕೊಳ್ಳಬಹುದಿತ್ತು. 160 ಎಕರೆಗೆ 200 ಡಾಲರ್. ಅಷ್ಟು ಹಣ ಅವಳಲ್ಲಿಲ್ಲ ಎಂದು ಮೊದಲ ಪುಟಗಳಲ್ಲೇ ಗೊತ್ತಾಗಲಿ.

ಇನ್ನೊಂದು ಹೆದರಿಕೆ ಪುಕ್ಕಟೆಯಾಗಿ ಸಿಗುತ್ತದೆ: ಅವಳು ಜಾಗ ಬಿಟ್ಟಿದ್ದಾಳೆಂದು ಯಾರು ಬೇಕಾದರೂ ಭೂಕಚೇರಿಯಲ್ಲಿ ತಕರಾರು ಹಾಕಬಹುದು. ಅವಳ ಮನೆಯ ಹೊಗೆ ಏಳದ ದಿನಗಳನ್ನು ದೂರದಿಂದ ಎಣಿಸುವ ಒಬ್ಬ ಮನುಷ್ಯ ಸಾಕು, ದೆವ್ವ ತಡವಾಗಿ ಬಂದರೂ ನಡೆಯುತ್ತದೆ.

ಉತ್ತರ – ಮಣ್ಣುಗೋಡೆ

ಮನೆಯ ಬಗ್ಗೆ. ಹೆಂಟೆ ಸುಮಾರು ಒಂದಡಿ ಅಗಲ, ಮೂರಡಿ ಉದ್ದ, ನಾಲ್ಕು ಅಂಗುಲ ದಪ್ಪ. ಹುಲ್ಲಿನ ಮುಖ ಕೆಳಗೆ ಮಾಡಿ ಜೋಡಿಸುತ್ತಾರೆ. 16×20 ಅಡಿ ಮನೆಗೆ ಸುಮಾರು ಅರ್ಧ ಎಕರೆ ನೆಲ ಸುಲಿಯಬೇಕು. ಗೋಡೆ ಎರಡು-ಮೂರು ಅಡಿ ದಪ್ಪ ಇರುವುದರಿಂದ ಗಾಳಿ ಒಳಗೆ ಊಳಿಡುವುದಿಲ್ಲ. ಇಲ್ಲೇ ಬಹಳ ಜನ ಎಡವುತ್ತಾರೆ. ಗಾಳಿಗೆ ಪಟಪಟ ಬಡಿಯುವುದು ಹಲಗೆಗೆ ಟಾರು ಕಾಗದ ಹೊಡೆದ ಗುಡಿಸಲು. ಹೆಂಟೆ ಮನೆಯಲ್ಲಿ ಹೊರಗೆ ಬಿರುಗಾಳಿ, ಒಳಗೆ ನೆಲಮಾಳಿಗೆಯಂಥ ಮೌನ. ಆ ಮೌನ ನಿಮಗೆ ಹೆಚ್ಚು ಬೇಕು, ಆಗ ಸಣ್ಣ ಸದ್ದೂ ದೊಡ್ಡದಾಗುತ್ತದೆ.

ಸದ್ದಿಗೆ ಕಾರಣಗಳಿವೆ. ಹೊಸ ಗೋಡೆ ಒಣಗುತ್ತ ಕುಸಿದು ಕೂರುತ್ತದೆ. ಅದಕ್ಕೇ ಕಿಟಕಿ ಚೌಕಟ್ಟಿನ ಮೇಲೆ ಸಂದು ಬಿಟ್ಟು ಚಿಂದಿ ತುರುಕುತ್ತಾರೆ. ಸಂದು ಸಾಲದಿದ್ದರೆ ಚೌಕಟ್ಟು ಕಿರುಗುಟ್ಟಿ ಗಾಜು ಬಿರಿಯುತ್ತದೆ. ಗೋಡೆಯಲ್ಲಿ ಇಲಿ, ಹಾವು ಇದ್ದೇ ಇರುತ್ತವೆ. ಮಣ್ಣು ಉದುರದಂತೆ ಸೂರಿನಡಿ ಮಸ್ಲಿನ್ ಬಟ್ಟೆ ಕಟ್ಟುತ್ತಿದ್ದರು. ಅದರ ಮೇಲೆ ಏನೋ ಭಾರವಾದದ್ದು ಹರಿದಾಡಿ ಬಟ್ಟೆ ಜೋತುಬೀಳುವ ದೃಶ್ಯ ಬರೆಯಿರಿ. ಸಾವು ಬೇಕಿದ್ದರೆ ಮಳೆ ತನ್ನಿ: ನೆನೆದ ಹೆಂಟೆಯ ಭಾರಕ್ಕೆ ನಡುತೊಲೆ ಮುರಿಯುತ್ತದೆ.

ಸೊಲೊಮನ್ ಬುಚರ್ 1886ರಲ್ಲಿ ಇದೇ ಕೌಂಟಿಯಲ್ಲಿ ತೆಗೆದ ಕ್ರಿಸ್ಮನ್ ಸಹೋದರಿಯರ ಫೋಟೋ ನೋಡಿ. ನಾಲ್ವರು ಅಕ್ಕತಂಗಿಯರು, ಹಿಂದೆ ಹೆಂಟೆ ಮನೆ. ಬಟ್ಟೆ, ಬಾಗಿಲು, ಸೂರು ಎಲ್ಲ ಅದರಲ್ಲೇ ಸಿಗುತ್ತದೆ.

ಉತ್ತರ – ಜನವರಿ12

ನಿಮ್ಮ ಚಳಿಗಾಲದ ನಡುವೆ 1888ರ ಜನವರಿ 12 ಬರುತ್ತದೆ, ಅದನ್ನು ಬಿಡಬೇಡಿ. ಬೆಳಗ್ಗೆ ಹವೆ ಹಿತವಾಗಿತ್ತು, ಜನ ದಪ್ಪ ಕೋಟಿಲ್ಲದೆ ಹೊರಗೆ ಬಂದಿದ್ದರು. ಆಮೇಲೆ ಹಿಟ್ಟಿನಂಥ ಹಿಮ ಬಿರುಗಾಳಿಯೊಡನೆ ನುಗ್ಗಿ ಕೈಚಾಚಿದಷ್ಟು ದೂರವೂ ಕಾಣದಾಯಿತು. ಮನೆಗೂ ಕೊಟ್ಟಿಗೆಗೂ ನಡುವೆ ಹಗ್ಗ ಕಟ್ಟಿದ್ದರೆ ದಾರಿ ಉಂಟು, ಇಲ್ಲದಿದ್ದರೆ ಇಲ್ಲ. ಮರವಿಲ್ಲದ ಬಯಲಾದ್ದರಿಂದ ಒಲೆಗೆ ಒಣ ಸಗಣಿ, ಜೋಳದ ದಂಟು, ಹುರಿಮಾಡಿದ ಹುಲ್ಲು. ಹುಲ್ಲು ನಿಮಿಷಗಳಲ್ಲಿ ಉರಿದುಹೋಗುತ್ತದೆ, ಹಾಗಾಗಿ ಒಂಟಿ ಹೆಂಗಸಿಗೆ ನಿದ್ದೆಯೇ ಇಲ್ಲ. ಮೂರನೇ ರಾತ್ರಿ ಅವಳು ಕೇಳಿದ್ದನ್ನು ಓದುಗರು ಪೂರ್ತಿ ನಂಬಲಾರರು, ಪೂರ್ತಿ ತಳ್ಳಿಹಾಕಲೂ ಆರರು.

ನೆಲ ಹೆಪ್ಪುಗಟ್ಟಿದಾಗ ಗುಂಡಿ ತೋಡಲಾಗದು. ಹೆಣವನ್ನು ಹಿಮ ಕರಗುವವರೆಗೆ ಕೊಟ್ಟಿಗೆಯಲ್ಲೇ ಇಡಬೇಕು. ಗಂಡನನ್ನು ಡಿಸೆಂಬರಿನಲ್ಲಿ ಸಾಯಿಸಿದರೆ ಹಗ್ಗದ ಆ ತುದಿಯಲ್ಲಿ ಅವನಿರುತ್ತಾನೆ. ಆದರೆ ಆಗ ಕ್ಲೇಮ್ ಮತ್ತೆ ಅವನದೇ ಆಗುತ್ತದೆ. ಮೇಲೆ ಹೇಳಿದಂತೆ ಅವಳದೇ ಕ್ಲೇಮ್ ಬೇಕಿದ್ದರೆ ಹೆಣ ಅವಳ ಅಣ್ಣನದಾಗಲಿ.

ಒಂದು ಕೋರಿಕೆ: ಮೂಲನಿವಾಸಿಗಳ ಸಮಾಧಿಯ ಶಾಪ ತರಬೇಡಿ. ಪಾವ್ನಿ ಜನರನ್ನು ನೆಬ್ರಾಸ್ಕಾದಿಂದ ಇಂಡಿಯನ್ ಟೆರಿಟರಿಗೆ (ಇಂದಿನ ಓಕ್ಲಹೋಮ) ಕಳಿಸಿದ್ದು 1870ರ ದಶಕದಲ್ಲಿ. ಅವರು ಬದುಕಿದ್ದರು, ದೆವ್ವಗಳಾಗಿರಲಿಲ್ಲ.

ಹುಲ್ಲುಗರಿ

ಹೆಣ ಅಣ್ಣನದೇ ಮಾಡುತ್ತೇನೆ, ಕ್ಲೇಮ್ ಅವಳದು. ಕೊನೆಯ ಅಧ್ಯಾಯಕ್ಕೆ ಜಮೀನಿನ ಹಕ್ಕುಪತ್ರದ ದಿನ ಇಡಬಹುದೇ?

ಹಕ್ಕುಪತ್ರ

ಇಡಿ. ಅವಳು ಅಲ್ಲೇ ವಾಸವಿದ್ದಳೆಂದು ಇಬ್ಬರು ಸಾಕ್ಷಿಗಳು ಪ್ರಮಾಣ ಮಾಡಿ ಹೇಳಬೇಕು. ಅದಕ್ಕೆ ಮೊದಲು ಅವರ ಹೆಸರುಗಳು ಪತ್ರಿಕೆಯ ಪ್ರಕಟಣೆಯಲ್ಲಿ ಅಚ್ಚಾಗುತ್ತವೆ. "ಆ ಮನೆಯಲ್ಲಿ ಆಕೆ ಒಬ್ಬಳೇ ಇದ್ದಳೇ?" ಎಂದು ಅಧಿಕಾರಿ ಕೇಳಿದಾಗ ಆ ಇಬ್ಬರ ಉತ್ತರ ಬೇರೆಬೇರೆಯಾಗಲಿ.